ಪಿಕಪ್ ತಗೊಳ್ಳೋ ಮುಂಚೆ ವರ್ಷದ ದಿನಗಳನ್ನ ಎಣಿಸಿ

ಈರುಳ್ಳಿಗೆ ಒಳ್ಳೆ ರೇಟ್ ಬಂದ ವರ್ಷ ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಕಡೆ ಮೂರು ಕೆಲಸ ತಪ್ಪದೆ ನಡೀತವೆ: ಒಂದು ಹೊಸ ಬೋರು, ಒಂದು ಮದುವೆ, ಒಂದು ಗಾಡಿ. ಬೋರಿನಲ್ಲಿ ನೀರು ಬಿತ್ತೋ ಇಲ್ವೋ ಅನ್ನೋದು ಒಂದೇ ದಿನದಲ್ಲಿ ಗೊತ್ತಾಗಿಬಿಡುತ್ತೆ. ಗಾಡಿ ಹಾಗಲ್ಲ. ತಂದ ಗಾಡಿ ನಮ್ಮ ಜಮೀನಿಗೆ ಹೊಂದುತ್ತೋ ಇಲ್ವೋ ಅಂತ ತಿಳಿಯೋಕೆ ಎರಡು ವರ್ಷ ಬೇಕು. ಅಷ್ಟೊತ್ತಿಗೆ ಐದು ವರ್ಷದ ಸಾಲದಲ್ಲಿ ಇನ್ನೂ ಮೂವತ್ತಾರು ಕಂತು ಬಾಕಿ ಇರುತ್ತೆ.

ತೋಟಗಾರಿಕೆ ಪದವಿ ಮುಗಿಸಿ, ಬ್ರಹ್ಮಗಿರಿ ಬೆಟ್ಟದ ಸುತ್ತಿನಲ್ಲೇ ಸಾವಯವ ದಾಳಿಂಬೆ, ನುಗ್ಗೆ, ತರಕಾರಿ ಬೆಳೀತಿರೋ ನನಗೆ ರೋಗದ ಬಗ್ಗೆ ಬರುವಷ್ಟೇ ಫೋನು ಗಾಡಿ ಬಗ್ಗೆನೂ ಬರ್ತವೆ. "ಅಣ್ಣಾ, ಬೊಲೆರೊ ತಗೊಳ್ಳೋದಾ, ದೋಸ್ತ್ ತಗೊಳ್ಳೋದಾ? ತೋಟಕ್ಕೂ ಆಗಬೇಕು, ಮನೆಯೋರನ್ನ ಕರ್ಕೊಂಡು ಹೋಗೋಕೂ ಆಗಬೇಕು." ಕೇಳೋರು ಹೆಚ್ಚಾಗಿ ಇಪ್ಪತ್ತೈದು, ಮೂವತ್ತು ವರ್ಷದ ಹುಡುಗರು. ಹತ್ತು ವಿಡಿಯೋ ನೋಡಿರ್ತಾರೆ. ಎಂಜಿನ್ ಸಿಸಿ ಎಷ್ಟು, ಟಾರ್ಕ್ ಎಷ್ಟು ಅನ್ನೋದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತೆ. "ನಿನ್ನ ತೋಟದಿಂದ ವರ್ಷಕ್ಕೆ ಎಷ್ಟು ದಿನ ಒಂದು ಟನ್ ಲೋಡ್ ಹೊರಡುತ್ತೆ?" ಅಂತ ಕೇಳಿದರೆ ಮಾತ್ರ ಸುಮ್ಮನಾಗ್ತಾರೆ. ಈ ವಾರದ ಲೇಖನ ಆ ಒಂದು ಪ್ರಶ್ನೆ ಮೇಲೆ.

ಮೊಬೈಲಲ್ಲಿ ಕಾಣೋ ಪಿಕಪ್ ಬೇರೆ, ನಮ್ಮ ಪಿಕಪ್ ಬೇರೆ

ಹೊರದೇಶದ ವಿಡಿಯೋಗಳಲ್ಲಿ 'ಮಿಡ್‌ಸೈಜ್ ಪಿಕಪ್' ಅಂದರೆ ಟೊಯೋಟ ಟಕೋಮಾ, ಫೋರ್ಡ್ ರೇಂಜರ್ ತರದ ಗಾಡಿಗಳು. ಮುಂದೆ ಕಾರಿನ ಸುಖ, ಹಿಂದೆ ನಾಲ್ಕೈದು ಅಡಿ ತೊಟ್ಟಿ. ಥಾಯ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಸಾಮಾನ್ಯ ರೈತರ ಮನೆ ಮುಂದೆಯೂ ಇಂಥದ್ದೇ ನಿಂತಿರುತ್ತೆ. ನಮ್ಮಲ್ಲಿ ಆ ಸಾಲಿಗೆ ಸೇರೋವು ಇಸುಜು ವಿ-ಕ್ರಾಸ್ ಮತ್ತು 2022ರಲ್ಲಿ ಭಾರತಕ್ಕೆ ಬಂದ ಟೊಯೋಟ ಹೈಲಕ್ಸ್. ಓಡಿಸೋಕೆ ಚೆಂದ. ನಾಲ್ಕು ಚಕ್ರಕ್ಕೂ ಶಕ್ತಿ ಬರುತ್ತೆ, ಬಿಳಿ ನಂಬರ್ ಪ್ಲೇಟಿನಲ್ಲಿ ಸ್ವಂತ ಬಳಕೆಗೆ ನೋಂದಣಿ ಆಗುತ್ತೆ. ಆದರೆ ಹೈಲಕ್ಸ್ ಬೆಲೆ ಮೂವತ್ತು ಲಕ್ಷದ ಆಸುಪಾಸು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ತಾಲ್ಲೂಕುಗಳಲ್ಲಿ ನಮ್ಮವೂ ಸೇರಿವೆ. ಇಲ್ಲಿ ಶೇಂಗಾ, ಈರುಳ್ಳಿ ನಂಬಿ ಆ ಕಂತು ಕಟ್ಟೋದು ಕಷ್ಟ.

ಹಾಗಾಗಿ ನಮ್ಮ ಪಾಲಿನ ಮಿಡ್‌ಸೈಜ್ ಅಂದರೆ ಟಾಟಾ ಏಸ್‌ಗಿಂತ ದೊಡ್ಡದು, ಲಾರಿಗಿಂತ ಚಿಕ್ಕದು. ಒಂದರಿಂದ ಎರಡು ಟನ್ ಹೊರೋ, ಹಳದಿ ಪ್ಲೇಟಿನ ಗಾಡಿಗಳು. ಇವನ್ನ ಮಾಡಿರೋದು ಲೋಡ್ ಹೊರೋಕೆ. ದಿನಬಳಕೆ ಅನ್ನೋದನ್ನ ನಾವು ಅದರೊಳಗೆ ಹೊಂದಿಸಿಕೊಳ್ಳಬೇಕು.

ಮೊದಲು ಡೈರಿ, ಆಮೇಲೆ ಶೋರೂಂ

ನನ್ನ ತೋಟದ ಒಂದು ವರ್ಷದ ಲೆಕ್ಕ ಇಲ್ಲಿದೆ. ಹೊತ್ತು ಮುಳುಗಿದ ಮೇಲೆ ಮೊಬೈಲಿನಲ್ಲೇ ಒಂದು ಸಾಲು ಬರೆದಿಟ್ಟಿದ್ದು, ಅಷ್ಟೇ.

ಗಾಡಿ ಹೊರಡದೇ ಇದ್ದ ದಿನ: 61.
ಜನ ಮಾತ್ರ, ಇಲ್ಲಾ ಡ್ರಿಪ್ ಪೈಪು, ಬೀಜ, ರೇಷನ್‌ನಂಥ ಸಣ್ಣ ಸಾಮಾನು ಹೋದ ದಿನ: 148.
ಐನೂರು ಕೆ.ಜಿ. ಒಳಗಿನ ಲೋಡ್: 119.
ಐನೂರರಿಂದ ಒಂದು ಸಾವಿರ ಕೆ.ಜಿ.: 31.
ಒಂದು ಟನ್ ಮೀರಿದ ದಿನ: 6.

ಆ ಆರು ದಿನಗಳಲ್ಲಿ ಕೊಟ್ಟಿಗೆ ಗೊಬ್ಬರ ಬಂದಿತ್ತು, ಇಲ್ಲಾ ದಾಳಿಂಬೆಯ ದೊಡ್ಡ ಕಟಾವು ನಡೆದಿತ್ತು. ಆರು ದಿನಕ್ಕೋಸ್ಕರ ಎರಡು ಟನ್ನಿನ ಗಾಡಿ ತಂದು 359 ದಿನ ಅದನ್ನ ಖಾಲಿ ಕುಣಿಸೋದರಲ್ಲಿ ಅರ್ಥ ಇಲ್ಲ. ನಿಮ್ಮ ಲೆಕ್ಕ ನನ್ನದಕ್ಕಿಂತ ಪೂರ್ತಿ ಬೇರೆ ಇರಬಹುದು. ವಾರಕ್ಕೆ ಮೂರು ಸಲ ಟೊಮ್ಯಾಟೊ ಹಾಕೋರ ಡೈರಿಯಲ್ಲಿ ಟನ್ ಮೀರಿದ ದಿನ ಎಂಬತ್ತೂ ಇರಬಹುದು. ವರ್ಷವಿಡೀ ಬರೆಯೋಕೆ ಪುರುಸೊತ್ತಿಲ್ಲ ಅಂದರೆ ಹೋದ ವರ್ಷದ ಮಂಡಿ ಚೀಟಿ, ಗೊಬ್ಬರದ ಬಿಲ್ಲು, ಬಾಡಿಗೆ ಗಾಡಿಗೆ ಫೋನ್‌ಪೇ ಮಾಡಿದ ಪಟ್ಟಿ ಮುಂದಿಟ್ಟುಕೊಳ್ಳಿ. ಒಂದು ಸಂಜೆಯಲ್ಲಿ ಲೆಕ್ಕ ಸಿಗುತ್ತೆ.

ಹೆಚ್ಚು ದಿನ ಯಾವ ಕೆಲಸ ಇದೆಯೋ ಆ ಕೆಲಸಕ್ಕೆ ಗಾಡಿ ಕೊಳ್ಳಿ. ಬೆರಳೆಣಿಕೆಯ ದಿನಗಳ ದೊಡ್ಡ ಲೋಡ್‌ಗೆ ಬಾಡಿಗೆ ಗಾಡಿ ಹಿಡಿಯಿರಿ. ಈ ಲೇಖನದ ಸಾರ ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಒಂದು ಉದಾಹರಣೆ ನೋಡಿ. ಎರಡು ಎಕರೆ ಈರುಳ್ಳಿ, ಎಕರೆಗೆ 80 ಚೀಲ, ಚೀಲಕ್ಕೆ 50 ಕೆ.ಜಿ. ಅಂತ ಇಟ್ಟುಕೊಂಡರೆ ಒಟ್ಟು ಎಂಟು ಟನ್. ಅದನ್ನ ಒಂದೂವರೆ ಟನ್ನಿನ ಸ್ವಂತ ಪಿಕಪ್‌ನಲ್ಲಿ ಯಶವಂತಪುರಕ್ಕೆ ಸಾಗಿಸಬೇಕು ಅಂದರೆ ಆರು ಟ್ರಿಪ್. ಚಳ್ಳಕೆರೆಯಿಂದ ಹೋಗಿ ಬರೋಕೆ ಸುಮಾರು 400 ಕಿ.ಮೀ. ಲೀಟರಿಗೆ 12 ಕಿ.ಮೀ., ಡೀಸೆಲ್ 90 ರೂಪಾಯಿ ಅಂದುಕೊಂಡರೂ ಟ್ರಿಪ್ಪಿಗೆ 3,000 ರೂಪಾಯಿ. ಆರು ಟ್ರಿಪ್ಪಿಗೆ 18,000. ಇದರ ಮೇಲೆ ಟೋಲ್, ಊಟ, ಆರು ರಾತ್ರಿ ನಿದ್ದೆಗೆಟ್ಟು ಓಡಿಸೋ ನೀವು. ಇಬ್ಬರು ಮೂವರು ಸೇರಿ ಒಂದು ಲಾರಿ ಮಾಡಿದರೆ ಒಂದೇ ರಾತ್ರಿಯ ಕೆಲಸ. ಸೀಸನ್ನಿನ ಅತಿ ದೊಡ್ಡ ಲೋಡ್ ನೋಡಿ ಪಿಕಪ್ ಆರಿಸಬಾರದು ಅನ್ನೋದು ಇದಕ್ಕೇ.

ತೂಕ ಆರ್‌ಸಿಯಲ್ಲಿದೆ, ಬಾಯಲ್ಲಿಲ್ಲ

ಗಾಡಿ ಎಷ್ಟು ಹೊರುತ್ತೆ ಅಂತ ಕೇಳಿದರೆ ಡ್ರೈವರ್‌ಗಳು "ಎರಡೂವರೆ ಹಾಕಿದ್ರೂ ಎಳೀತೈತೆ" ಅಂತಾರೆ. ಎಳೆಯೋದು ಎಂಜಿನ್ ಕೆಲಸ. ನಿಲ್ಲಿಸೋದು ಬ್ರೇಕಿನ ಕೆಲಸ. ಆರ್‌ಸಿಯಲ್ಲಿ ಎರಡು ಅಂಕಿ ಇರ್ತವೆ: ಲೋಡ್ ಸೇರಿ ಒಟ್ಟು ತೂಕ, ಖಾಲಿ ಗಾಡಿಯ ತೂಕ. ಒಂದರಲ್ಲಿ ಇನ್ನೊಂದನ್ನ ಕಳೆದರೆ ಉಳಿಯೋದು ನೀವು ಹೊರಬಹುದಾದ ತೂಕ. ಅದರಲ್ಲೇ ಮುಂದೆ ಕೂರೋ ಜನರೂ ಸೇರ್ತಾರೆ. ಆಮೇಲೆ ನೀವು ಕಟ್ಟಿಸಿದ ಎತ್ತರದ ಜಾಲರಿ, ಮೇಲಿನ ಕ್ಯಾರಿಯರ್, ಎಕ್ಸ್‌ಟ್ರಾ ಸ್ಪ್ರಿಂಗ್ ಪ್ಲೇಟು, ಎಲ್ಲದರ ಭಾರವೂ ಅದರಿಂದಲೇ ಕಡಿತ. ಚಳ್ಳಕೆರೆಯ ಎಣ್ಣೆ ಮಿಲ್‌ಗಳ ಹತ್ತಿರ ವೇ ಬ್ರಿಡ್ಜ್‌ಗಳಿಗೆ ಬರವಿಲ್ಲ. ಬಾಡಿ ಕಟ್ಟಿಸಿದ ಮೇಲೆ ಒಂದು ಸಲ ಖಾಲಿ ಗಾಡಿ ತೂಗಿಸಿಬಿಡಿ.

ನಮ್ಮ ಬೆಳೆಗಳಲ್ಲಿ ಕೆಲವು ಜಾಗ ತಿನ್ನುತ್ತವೆ, ಕೆಲವು ತೂಕ ತಿನ್ನುತ್ತವೆ. ಸಿಪ್ಪೆ ಸಮೇತದ ಶೇಂಗಾ ತೊಟ್ಟಿ ತುಂಬಿದರೂ ತೂಕ ಬರೋದಿಲ್ಲ. ಅದಕ್ಕೆ ಉದ್ದನೆಯ ತೊಟ್ಟಿ ಬೇಕು. ಈರುಳ್ಳಿ, ಕಲ್ಲಂಗಡಿ, ಹಸಿ ಗೊಬ್ಬರ ಹಾಗಲ್ಲ, ತೊಟ್ಟಿ ಅರ್ಧ ತುಂಬೋದರೊಳಗೆ ತೂಕದ ಮಿತಿ ಮುಗಿದಿರುತ್ತೆ. ಎಲ್ಲಕ್ಕಿಂತ ಮೋಸ ಮಾಡೋದು ನೀರು. ಬೇಸಿಗೆಯಲ್ಲಿ ದಾಳಿಂಬೆ ಉಳಿಸಿಕೊಳ್ಳೋಕೆ ಪಿಕಪ್ ಮೇಲೆ ಎರಡು ಸಾವಿರ ಲೀಟರಿನ ಟ್ಯಾಂಕ್ ಕೂರಿಸಿದವರನ್ನ ನೋಡಿರ್ತೀರಿ. ಎರಡು ಸಾವಿರ ಲೀಟರ್ ಅಂದರೆ ಎರಡು ಟನ್. 1.3 ಟನ್ನಿನ ಗಾಡಿಗೆ ಅದು ಏಳುನೂರು ಕೆ.ಜಿ. ಹೆಚ್ಚು. ಟ್ಯಾಂಕ್ ಅರ್ಧ ಇದ್ದರೆ ಇನ್ನೂ ಅಪಾಯ. ತಿರುವಿನಲ್ಲಿ ನೀರು ಒಂದೇ ಕಡೆ ನುಗ್ಗಿ ಗಾಡಿಯನ್ನ ಎಳೆಯುತ್ತೆ.

ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಇಟ್ಟಿರೋ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಹೆಚ್ಚಿನ ಲೋಡನ್ನ ನಿಮ್ಮ ಕೈಯಿಂದಲೇ ಇಳಿಸಿಯೂ ಇಳಿಸ್ತಾರೆ.

ದೊಡ್ಡ ಗಾಡಿ, ಜಜ್ಜಿದ ಹಣ್ಣು

ಇದು ಗಾಡಿ ವಿಡಿಯೋದಲ್ಲಿ ಯಾರೂ ಹೇಳದ ತೋಟಗಾರಿಕೆ ವಿಷಯ. ಪಿಕಪ್‌ಗಳ ಹಿಂದಿನ ಲೀಫ್ ಸ್ಪ್ರಿಂಗ್ ಇರೋದು ಪೂರ್ತಿ ಲೋಡ್ ಲೆಕ್ಕದಲ್ಲಿ. 1.7 ಟನ್ ಹೊರೋ ಗಾಡಿಯಲ್ಲಿ 300 ಕೆ.ಜಿ. ಟೊಮ್ಯಾಟೊ ಹಾಕಿದರೆ ಸ್ಪ್ರಿಂಗ್ ಬಗ್ಗೋದೇ ಇಲ್ಲ. ರಸ್ತೆಯ ಪ್ರತಿ ಗುಂಡಿಯ ಏಟೂ ನೇರ ಕ್ರೇಟಿಗೆ ಹೋಗುತ್ತೆ. ತೋಟದಲ್ಲಿ ಗಟ್ಟಿ ಇದ್ದ ಹಣ್ಣು ಮಂಡಿಯಲ್ಲಿ ಮೆತ್ತಗಾಗಿ, ಹರಾಜಿನಲ್ಲಿ ಎರಡನೇ ದರ್ಜೆಗೆ ಇಳಿಯೋಕೆ ಇದೂ ಒಂದು ಕಾರಣ. ಅಂದರೆ ಬೇಕಾದ್ದಕ್ಕಿಂತ ದೊಡ್ಡ ಗಾಡಿ ಡೀಸೆಲ್ ಜೊತೆ ಹಣ್ಣನ್ನೂ ತಿನ್ನುತ್ತೆ.

ಗಾಡಿ ಯಾವುದೇ ಇರಲಿ, ಕೆಲವು ಅಭ್ಯಾಸ ಇಟ್ಟುಕೊಳ್ಳಿ. ಹಿಂದಿನ ಚಕ್ರದ ಆಚೆ ಚಾಚಿಕೊಂಡಿರೋ ತೊಟ್ಟಿಯ ತುದಿ ಹೆಚ್ಚು ಕುಣಿಯುತ್ತೆ. ಮೆತ್ತನೆ ಹಣ್ಣನ್ನ ಮುಂದುಗಡೆ, ಕ್ಯಾಬಿನ್‌ಗೆ ಒತ್ತಿಕೊಂಡಂತೆ ಜೋಡಿಸಿ. ಕ್ರೇಟ್ ಅಲುಗದಂತೆ ಹಗ್ಗ ಬಿಗಿಯಿರಿ. ಟೈರಿನ ಗಾಳಿ ಖಾಲಿ ಇದ್ದಾಗ ಎಷ್ಟು, ಲೋಡ್ ಇದ್ದಾಗ ಎಷ್ಟು ಅಂತ ಕಂಪನಿ ಪುಸ್ತಕದಲ್ಲಿ ಬೇರೆ ಬೇರೆ ಕೊಟ್ಟಿರ್ತಾರೆ, ಅದನ್ನ ಪಾಲಿಸಿ. ಟಾರ್ಪಾಲನ್ನ ಗಾಳಿಯಾಡದಂತೆ ಮುಚ್ಚಬೇಡಿ, ನೆರಳು ಪರದೆ ಸಾಕು. ಹೊರಡೋದು ತಂಪು ಹೊತ್ತಿನಲ್ಲಿ.

ಸಾವಯವ ಬೆಳೆಗಾರರಿಗೆ ಇನ್ನೊಂದು ಮಾತು. ಪ್ರಮಾಣೀಕರಣದ ನಿಯಮದಲ್ಲಿ ಸಾಗಣೆಯೂ ಬರುತ್ತೆ. ನಿಮ್ಮ ಮಾಲು ಬೇರೆ ಮಾಲಿನ ಜೊತೆ ಬೆರೆಯಬಾರದು, ರಾಸಾಯನಿಕ ತಾಗಬಾರದು. ನಿನ್ನೆ ಯೂರಿಯಾ, ಔಷಧಿ ಡಬ್ಬ ಹೊತ್ತ ಬಾಡಿಗೆ ಗಾಡಿಗೆ ಇವತ್ತು ಸೊಪ್ಪು ಹಾಕೋ ಹಾಗಿಲ್ಲ. ಹಾಕಲೇಬೇಕಾದರೆ ತೊಳೆಸಿ, ಒಣಗಿಸಿ, ದಿನಾಂಕ ಸಮೇತ ಬರೆದಿಡಬೇಕು. ನಮ್ಮಂಥೋರಿಗೆ ಚಿಕ್ಕದಾದರೂ ಸ್ವಂತ ಗಾಡಿ ಇದ್ದರೆ ಒಳ್ಳೇದು ಅನ್ನೋಕೆ ಇದು ಗಟ್ಟಿ ಕಾರಣ.

ನಾಲ್ಕು ಗುಂಪು, ನಾಲ್ಕು ಗುಣ

ಮೊದಲನೇದು ಮುಕ್ಕಾಲು ಟನ್ನಿನ ಗಾಡಿಗಳು: 2005ರಲ್ಲಿ ಬಂದ ಟಾಟಾ ಏಸ್, 2016ರಲ್ಲಿ ಬಂದ ಮಾರುತಿ ಸೂಪರ್ ಕ್ಯಾರಿ. ಪೆಟ್ರೋಲ್, ಸಿಎನ್‌ಜಿ ಮಾದರಿಗಳಿವೆ. ಬೆಲೆ ಕಡಿಮೆ, ಸಂದಿಯಲ್ಲೂ ತಿರುಗುತ್ತೆ. ದಿನಾ ತರಕಾರಿ, ಹಾಲು, ಹೂವು ಹಾಕೋರಿಗೆ, ಇಪ್ಪತ್ತು ಮೂವತ್ತು ಕಿ.ಮೀ. ಒಳಗಿನ ಓಡಾಟಕ್ಕೆ ಸರಿ. ಪೂರ್ತಿ ಲೋಡ್‌ನಲ್ಲಿ ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೋಗೋಕೆ ಪ್ರಯಾಸ. ಸಿಎನ್‌ಜಿ ತಗೊಳ್ಳೋರು ನಿಮ್ಮ ದಿನದ ದಾರಿಯಲ್ಲಿ ಬಂಕ್ ಇದೆಯಾ ಅಂತ ಮೊದಲು ನೋಡಿ. ಸಿಲಿಂಡರಿನ ತೂಕ ಲೋಡಿನಲ್ಲಿ ಕಡಿತ ಆಗುತ್ತೆ ಅನ್ನೋದನ್ನೂ ಮರೀಬೇಡಿ.

ಎರಡನೇದು ಮೂತಿ ಇಲ್ಲದ ಡೀಸೆಲ್ ಗಾಡಿಗಳು: 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್, 2019ರಲ್ಲಿ ಶುರುವಾದ ಟಾಟಾ ಇಂಟ್ರಾ, 2020ರ ಬಡಾ ದೋಸ್ತ್. ಎಂಜಿನ್ ಸುಮಾರು ಒಂದೂವರೆ ಲೀಟರ್. ಇಂಟ್ರಾ ವಿ30 1.3 ಟನ್, ವಿ50 1.5 ಟನ್ ಹೊರುತ್ತೆ. ಬಡಾ ದೋಸ್ತ್ ಐ4 ಸುಮಾರು 1.8 ಟನ್‌ವರೆಗೆ. ಎಂಜಿನ್ ಸೀಟಿನ ಕೆಳಗೆ ಇರೋದರಿಂದ ಗಾಡಿಯ ಉದ್ದದಲ್ಲಿ ಹೆಚ್ಚು ಪಾಲು ತೊಟ್ಟಿಗೆ ಸಿಗುತ್ತೆ, ತಿರುಗೋಕೆ ಜಾಗ ಕಡಿಮೆ ಸಾಕು. ಮೈಲೇಜ್ ಚೆನ್ನಾಗಿರುತ್ತೆ. ಬೇಸಿಗೆಯಲ್ಲಿ ಸೀಟು ಬಿಸಿ ಬರುತ್ತಾ ಅಂತ ಮಧ್ಯಾಹ್ನದ ಹೊತ್ತೇ ಓಡಿಸಿ ನೋಡಿ.

ಮೂರನೇದು ಮೂತಿ ಇರೋ ಗಾಡಿಗಳು: ಮಹೀಂದ್ರ ಬೊಲೆರೊ ಪಿಕಪ್, ಬೊಲೆರೊ ಮ್ಯಾಕ್ಸ್ ಪಿಕಪ್, ಟಾಟಾ ಯೋಧ. ಮಹೀಂದ್ರದ್ದು 2.5 ಲೀಟರ್, ಯೋಧದ್ದು 2.2 ಲೀಟರ್ ಡೀಸೆಲ್ ಎಂಜಿನ್. ಮಾದರಿ ನೋಡಿ 1.2ರಿಂದ ಎರಡು ಟನ್‌ವರೆಗೆ. ಲೋಡ್ ಇಟ್ಟುಕೊಂಡು ಕಲ್ಲುದಾರಿ ಹತ್ತೋಕೆ, ಪರಶುರಾಂಪುರ ಕಡೆಯ ವೇದಾವತಿ ಮರಳು ದಾಟೋಕೆ, ಎರೆ ಭೂಮಿಯಿಂದ ಎದ್ದು ಬರೋಕೆ ಇವಕ್ಕೆ ದಮ್ಮು ಜಾಸ್ತಿ. ಊರಿನ ಮೆಕ್ಯಾನಿಕ್ ಕೈಗೆ ಪಳಗಿದ ಗಾಡಿಗಳು ಇವು. ತಿರುಗೋಕೆ ಜಾಗ ಹೆಚ್ಚು ಬೇಕು, ಖಾಲಿ ಇದ್ದಾಗ ಕುಣಿತ ಹೆಚ್ಚು, ಡೀಸೆಲ್ಲೂ ಹೆಚ್ಚು.

ನಾಲ್ಕನೇದು ಎರಡು ಸಾಲು ಸೀಟಿರೋ ಡಬಲ್ ಕ್ಯಾಬಿನ್: ಬೊಲೆರೊ ಕ್ಯಾಂಪರ್, ಯೋಧ ಕ್ರೂ ಕ್ಯಾಬ್, ಇಸುಜು ಡಿ-ಮ್ಯಾಕ್ಸ್ ಎಸ್-ಕ್ಯಾಬ್. ಡ್ರೈವರ್ ಸೇರಿ ಐದು ಜನ ಕೂರಬಹುದು. ತೊಟ್ಟಿ ಚಿಕ್ಕದಾಗುತ್ತೆ, ಸುಮಾರು ಐದು ಅಡಿ. ಕ್ಯಾಂಪರ್ ಹೊರೋದು ಸುಮಾರು ಒಂದು ಟನ್. ಇಸುಜು ಗಾಡಿ ನೆರೆಯ ಆಂಧ್ರದ ಶ್ರೀಸಿಟಿಯಲ್ಲೇ ತಯಾರಾಗುತ್ತೆ, ಓಡಿಸೋಕೆ ಕಾರಿನ ಹಾಗೆ ಇರುತ್ತೆ. ಆದರೆ ಹತ್ತಿರದ ಸರ್ವಿಸ್ ಸೆಂಟರ್ ಎಷ್ಟು ದೂರ ಅಂತ ವಿಚಾರಿಸಿಯೇ ಮುಂದುವರಿಯಿರಿ. ನಾನು ಓಡಿಸೋದೂ ಈ ಗುಂಪಿನ ಗಾಡಿನೇ. ಯಾವ ಕಂಪನಿ ಅಂತ ಹೇಳಲ್ಲ, ಹೇಳಿದರೆ ಜಾಹೀರಾತು ಅಂತೀರಿ. ಮೇಲಿನ ಡೈರಿ ಲೆಕ್ಕದಲ್ಲಿ 148 ದಿನ ಜನ, 119 ದಿನ ಅರ್ಧ ಟನ್ ಇದೆ ನೋಡಿ. ಆ ಎರಡು ಅಂಕಿಗಳೇ ನನಗೆ ಗಾಡಿ ಆರಿಸಿಕೊಟ್ಟಿದ್ದು.

ಯಾವ ಗುಂಪಿಗಾದರೂ ಅನ್ವಯಿಸೋ ಎರಡು ಮಾತು. ಸರಕು ಗಾಡಿಗಳಲ್ಲಿ ಸಾಮಾನ್ಯವಾಗಿ ವೇಗ ನಿಯಂತ್ರಕ ಇರುತ್ತೆ, ಗಂಟೆಗೆ 80 ಕಿ.ಮೀ. ಮೇಲೆ ಹೋಗಲ್ಲ. ಮನೆಯೋರ ಜೊತೆ ಬೆಂಗಳೂರಿಗೆ ಹೋಗುವಾಗ ಕಾರಿನ ವೇಗ ನಿರೀಕ್ಷಿಸಬೇಡಿ. ಎರಡನೇದು, ಬಿಎಸ್6 ಡೀಸೆಲ್ ಗಾಡಿಗಳ ಸೈಲೆನ್ಸರ್ ಕಡೆ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ದಿನಾ ಮನೆಯಿಂದ ತೋಟಕ್ಕೆ ಮೂರು ಕಿ.ಮೀ. ಮಾತ್ರ ಓಡಿಸಿದರೆ ಅದು ಕಟ್ಟಿಕೊಳ್ಳುತ್ತೆ. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಸಣ್ಣ ಓಡಾಟವೇ ಜಾಸ್ತಿ ಇದ್ದರೆ ಪೆಟ್ರೋಲ್ ಗಾಡಿ ಯೋಚಿಸಿ.

ತೊಟ್ಟಿಯಲ್ಲಿ ಕೂರೋರು ಯಾರು?

ಈಗ ಬಹಳ ಮುಖ್ಯವಾದ ವಿಷಯ. ನಮ್ಮ ಕಡೆ ಪಿಕಪ್ ತೊಟ್ಟಿಯಲ್ಲಿ ಮಾಲಿನ ಜೊತೆ ಜನರೂ ಹೋಗ್ತಾರೆ. ಕಳೆ ಕೀಳೋಕೆ, ಶೇಂಗಾ ಬಿಡಿಸೋಕೆ ಬರೋ ಹೆಣ್ಣುಮಕ್ಕಳು, ನಾಯಕನಹಟ್ಟಿ ತೇರಿಗೆ, ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಹೊರಟ ಮನೆ ಮಂದಿ, ಮದುವೆ ದಿಬ್ಬಣ. "ನಾಲ್ಕು ಕಿಲೋಮೀಟರ್ ಅಲ್ವಾ" ಅಂತ ಹತ್ತಿಸ್ತೀವಿ.

ಸರಕು ಗಾಡಿಯ ತೊಟ್ಟಿಯಲ್ಲಿ ಸೀಟಿಲ್ಲ, ಬೆಲ್ಟಿಲ್ಲ, ಹಿಡಿಯೋಕೆ ಆಧಾರವಿಲ್ಲ. ಗಾಡಿ ಪಲ್ಟಿಯಾದರೆ ಮೊದಲು ಹೊರಗೆ ಬೀಳೋರು ಅವರೇ. ಕಾನೂನಿನ ಕಡೆಯಿಂದ ನೋಡಿ. ಸರಕು ಗಾಡಿಯಲ್ಲಿ ಸುಮ್ಮನೆ ಪ್ರಯಾಣಿಸೋ ಜನರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟು ಆಶಾ ರಾಣಿ ಪ್ರಕರಣದಲ್ಲಿ 2002ರಷ್ಟು ಹಿಂದೆಯೇ ಹೇಳಿದೆ. ಕಾಯ್ದೆಯ ರಕ್ಷಣೆ ಇರೋದು ಮಾಲಿನ ಒಡೆಯನಿಗೆ, ಅಥವಾ ಅವನ ಪರವಾಗಿ ಮಾಲಿನ ಜೊತೆ ಬಂದವನಿಗೆ. ಉಳಿದವರಿಗೆ ಏನಾದರೂ ಆದರೆ ಪರಿಹಾರದ ಹೊಣೆ ಗಾಡಿ ಮಾಲೀಕನ ಹೆಗಲಿಗೆ ಬರುತ್ತೆ, ಅಂದರೆ ನಿಮ್ಮ ಜಮೀನಿಗೆ. ನಮ್ಮ ತೋಟಕ್ಕೆ ಬರೋ ಆ ಅಕ್ಕ, ಅವ್ವಂದಿರ ಮನೆ ಕಥೆ ಅದಕ್ಕಿಂತ ದೊಡ್ಡದು. ದುಡಿಯೋ ಕೈ ಹೋದ ಮನೆಗೆ ಯಾವ ಪರಿಹಾರವೂ ಸಾಲೋದಿಲ್ಲ.

ಡಬಲ್ ಕ್ಯಾಬಿನ್ ತಗೊಂಡರೆ ಸಮಸ್ಯೆ ಪೂರ್ತಿ ಮುಗೀತು ಅಂತಲ್ಲ. ನಾಲ್ಕು ಜನ ಕೂರಬಹುದು, ಎಂಟು ಜನ ಬಂದರೆ ಎರಡು ಟ್ರಿಪ್ ಹೊಡೆಯಬೇಕು. ನಾಲ್ಕೈದು ಕಿ.ಮೀ. ದೂರದ ಊರಾದರೆ ಆ ಎರಡನೇ ಟ್ರಿಪ್ಪಿನ ಖರ್ಚು ಒಂದು ಲೀಟರ್ ಡೀಸೆಲ್, ತೊಂಬತ್ತು ರೂಪಾಯಿ. ದೂರ ಹೆಚ್ಚಿದ್ದರೆ, ಜನ ಹೆಚ್ಚಿದ್ದರೆ ಪ್ಯಾಸೆಂಜರ್ ಗಾಡಿಯನ್ನೇ ಗೊತ್ತು ಮಾಡಿ. ಕೂಲಿ ಲೆಕ್ಕ ಹಾಕುವಾಗ ಇದನ್ನೂ ಬೆಳೆಯ ಖರ್ಚಿನಲ್ಲಿ ಬರೀರಿ, ಗೊಬ್ಬರದ ಖರ್ಚು ಬರೆದ ಹಾಗೆ.

ಕಾಗದ ಪತ್ರದ ಕೆಲಸ

ಲೈಸೆನ್ಸ್: ಕಾರಿನ ಎಲ್‌ಎಂವಿ ಲೈಸೆನ್ಸ್ ಇದ್ದರೆ 7,500 ಕೆ.ಜಿ. ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು. 2017ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಈ ತೀರ್ಪನ್ನ 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೂ ಎತ್ತಿಹಿಡಿದಿದೆ. ನಾವು ನೋಡ್ತಿರೋ ಎಲ್ಲ ಪಿಕಪ್‌ಗಳೂ ಈ ಮಿತಿಯೊಳಗೆ ಬರ್ತವೆ.

ಪರ್ಮಿಟ್: ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಮೀರಿದರೆ ಬೇಕು. ಇದು ನಮ್ಮ ಗಡಿ ತಾಲ್ಲೂಕಿಗೆ ದೊಡ್ಡ ವಿಷಯ. ಮೊಳಕಾಲ್ಮುರಿನಿಂದ ರಾಯದುರ್ಗ ಹತ್ತಿರ. ರಾಂಪುರದಿಂದ ಬಳ್ಳಾರಿಗೆ ಹೋಗೋಕೂ ಡಿ. ಹಿರೇಹಾಳ್ ಬಳಿ ಆಂಧ್ರದ ನೆಲ ದಾಟಬೇಕು. ದೊಡ್ಡ ಮಾದರಿ ತಗೊಳ್ಳೋರು ಹೊರರಾಜ್ಯಕ್ಕೆ ಯಾವ ಪರ್ಮಿಟ್, ಯಾವ ತೆರಿಗೆ ಅಂತ ಚಿತ್ರದುರ್ಗ ಆರ್‌ಟಿಒದಲ್ಲಿ ಮುಂಚೆಯೇ ಕೇಳಿ. 2,990 ಕೆ.ಜಿ.ಗೂ 3,400 ಕೆ.ಜಿ.ಗೂ ಶೋರೂಮಿನಲ್ಲಿ ಬೆಲೆಯ ವ್ಯತ್ಯಾಸ ಸಣ್ಣದು, ರಸ್ತೆಯಲ್ಲಿ ಕಾಗದದ ವ್ಯತ್ಯಾಸ ದೊಡ್ಡದು.

ಎಫ್‌ಸಿ: ಹೊಸ ಸರಕು ಗಾಡಿಗೆ ಮೊದಲ ಎರಡು ವರ್ಷ, ಆಮೇಲೆ ಎಂಟು ವರ್ಷ ತುಂಬೋವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಮಾಡಿಸಬೇಕು. ಎಫ್‌ಸಿ ಮುಗಿದ ಗಾಡಿ ಅಪಘಾತ ಆದರೆ ವಿಮೆಗೂ ತಕರಾರು ಬರುತ್ತೆ.

ವಿಮೆ: ಸ್ವಂತ ಮಾಲಿಗೆ ಮಾತ್ರನಾ, ಬಾಡಿಗೆಗೂ ಓಡಿಸ್ತೀರಾ ಅನ್ನೋದನ್ನ ಏಜೆಂಟರಿಗೆ ಸ್ಪಷ್ಟವಾಗಿ ಹೇಳಿ, ಪಾಲಿಸಿಯಲ್ಲಿ ಹಾಗೇ ಬರೆಸಿ. ಲೋಡ್ ಇಳಿಸೋ ಹಮಾಲಿಗಳು ಜೊತೆಗೆ ಬರೋದಾದರೆ ಅವರ ಲೆಕ್ಕಕ್ಕೆ ಬೇರೆ ಪ್ರೀಮಿಯಂ ಕಟ್ಟೋ ಅವಕಾಶ ಇದೆಯಾ ಅಂತಲೂ ಕೇಳಿ.

ಗಾಡಿ ನಿಂತರೂ ಕಂತು ನಿಲ್ಲಲ್ಲ

2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು ಏಳು ಲಕ್ಷದ ಗಾಡಿ ಅಂದರೆ ಎಪ್ಪತ್ತು ಸಾವಿರ ಉಳಿತಾಯ. ಹಳೇ ವಿಡಿಯೋದಲ್ಲಿ ನೋಡಿದ ಬೆಲೆ ನಂಬಬೇಡಿ, ಹೊಸ ಕೊಟೇಶನ್ ಬರೆಸಿಕೊಳ್ಳಿ. ಉಳಿದ ಎಪ್ಪತ್ತು ಸಾವಿರಕ್ಕೆ ಇನ್ನೂ ದೊಡ್ಡ ಮಾದರಿಗೆ ಜಿಗಿಯೋ ಬದಲು ಸಾಲ ಕಡಿಮೆ ಮಾಡಿಕೊಂಡರೆ ಜಾಣತನ.

ಎಂಟು ಲಕ್ಷ ಸಾಲ, ಶೇ 10 ಬಡ್ಡಿ, ಐದು ವರ್ಷ ಅಂತ ಇಟ್ಟುಕೊಳ್ಳೋಣ. ತಿಂಗಳಿಗೆ ಸುಮಾರು 17,000 ಕಂತು, ವರ್ಷಕ್ಕೆ 2,04,000. ವಿಮೆ, ಸರ್ವಿಸ್, ಟೈರು, ಎಫ್‌ಸಿ ಅಂತ ವರ್ಷಕ್ಕೆ 46,000 ಎತ್ತಿಟ್ಟರೆ ಒಟ್ಟು ಎರಡೂವರೆ ಲಕ್ಷ. ವರ್ಷಕ್ಕೆ 250 ದಿನ ಓಡಿದರೆ ದಿನಕ್ಕೆ 1,000 ರೂಪಾಯಿ. 100 ದಿನ ಮಾತ್ರ ಓಡಿದರೆ ದಿನಕ್ಕೆ 2,500. ಇದು ಡೀಸೆಲ್ ಹಾಕೋ ಮುಂಚಿನ ಲೆಕ್ಕ. ನಿಮ್ಮೂರಲ್ಲಿ ಬಾಡಿಗೆ ಪಿಕಪ್ ದಿನಕ್ಕೆ ಎಷ್ಟು ತಗೊಳ್ಳುತ್ತೆ ಅನ್ನೋದನ್ನ ಇದರ ಪಕ್ಕದಲ್ಲಿ ಬರೆದು ನೋಡಿ. ಎಷ್ಟೋ ಜನಕ್ಕೆ ಗಾಡಿ ಕೊಳ್ಳದೇ ಇರೋದೇ ಒಳ್ಳೆ ಆಯ್ಕೆ ಅಂತ ಅಲ್ಲೇ ಗೊತ್ತಾಗುತ್ತೆ.

"ಬಾಡಿಗೆ ಓಡಿಸಿ ಕಂತು ಕಟ್ತೀನಿ" ಅನ್ನೋರಿಗೆ ಒಂದು ಕಿವಿಮಾತು. ಬಾಡಿಗೆ ಸಿಗೋ ಕಾಲ ಅಂದರೆ ಕಟಾವಿನ ಕಾಲ. ಆ ಹೊತ್ತಿಗೆ ನಿಮ್ಮ ಮಾಲಿಗೇ ನಿಮ್ಮ ಗಾಡಿ ಬೇಕು. ನಿಮ್ಮ ಗಾಡಿ ಖಾಲಿ ಇರೋ ತಿಂಗಳಲ್ಲಿ ಊರಿನ ಗಾಡಿಗಳೆಲ್ಲ ಖಾಲಿ. ರೇಟ್ ಬಂದ ವರ್ಷ ಒಂದೇ ಊರಿಗೆ ನಾಲ್ಕು ಪಿಕಪ್ ಬಂದರೆ ಮುಂದಿನ ವರ್ಷದ ಬಾಡಿಗೆ ನಾಲ್ಕು ಪಾಲಾಗುತ್ತೆ. ಬಾಡಿಗೆಯಿಂದ ಬಂದದ್ದು ಲಾಭ ಅಂತ ಇರಲಿ, ಅದರ ಮೇಲೆ ಕಂತು ನಿಲ್ಲಿಸಬೇಡಿ. ಮಳೆ ಕೈಕೊಟ್ಟ ವರ್ಷವೂ ಕಂತು ಕಟ್ಟೋ ತಾಕತ್ತಿದೆಯಾ ಅನ್ನೋದೇ ನಮ್ಮ ಸೀಮೆಯ ಅಳತೆಗೋಲು.

ಓಡಿಸಿ ನೋಡೋದು ಹೇಗೆ

ಖಾಲಿ ಗಾಡಿ ಓಡಿಸಿ ನೋಡಿದರೆ ಅರ್ಧ ಸತ್ಯ ಮಾತ್ರ ತಿಳಿಯುತ್ತೆ. ಶೋರೂಮಿನವರನ್ನ ಕೇಳಿ, ಹತ್ತು ಹದಿನೈದು ಚೀಲ ಹಾಕಿಕೊಂಡು ನಿಮ್ಮ ತೋಟದ ದಾರಿಯಲ್ಲೇ ಓಡಿಸಿ. ಒಪ್ಪದಿದ್ದರೆ ಅದೇ ಮಾದರಿ ಇಟ್ಟುಕೊಂಡಿರೋ ಪರಿಚಯದವರ ಗಾಡಿಯಲ್ಲಿ ಒಂದು ದಿನ ಬಾಡಿಗೆ ಕೊಟ್ಟು ಲೋಡ್ ಹಾಕಿಸಿ, ನೀವೂ ಜೊತೆಗೆ ಹೋಗಿ. ತೋಟದ ಗೇಟಿನಲ್ಲಿ ಒಂದೇ ಸಲಕ್ಕೆ ತಿರುಗುತ್ತಾ? ಸಿದ್ದಾಪುರದಿಂದ ಬ್ರಹ್ಮಗಿರಿ ಬುಡದ ಕಡೆ ಹೋಗೋ ತರದ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದರೆ ಹಿಂದೆ ಜಾರುತ್ತಾ? ಬ್ರೇಕ್ ಒತ್ತಿದಾಗ ಒಂದು ಕಡೆ ಎಳೆಯುತ್ತಾ? ರಾತ್ರಿ ಹೆಡ್‌ಲೈಟ್ ಹೊಲದ ದಾರಿಗೆ ಸಾಲುತ್ತಾ? ಮನೆಯೋರು ಓಡಿಸೋದಾದರೆ ಅವರ ಕಾಲಿಗೆ ಕ್ಲಚ್ ಎಟುಕುತ್ತಾ? ಮನೆಯ ಹಿರಿಯರನ್ನ ಹತ್ತಿಸಿ, ಇಳಿಸಿ ನೋಡಿ.

ಹಳೇ ಗಾಡಿ ನೋಡೋರು ತೊಟ್ಟಿಯ ಕೆಳಗೆ ಮಲಗಿ ಚಾಸಿ ನೋಡಿ. ವೆಲ್ಡಿಂಗ್ ಗುರುತು, ಬಿರುಕು, ಕಂಪನಿಗಿಂತ ಹೆಚ್ಚಿಗೆ ಹಾಕಿಸಿದ ಸ್ಪ್ರಿಂಗ್ ಪ್ಲೇಟು ಕಂಡರೆ ಅದು ಜೀವಮಾನವಿಡೀ ಓವರ್‌ಲೋಡ್ ಹೊತ್ತ ಗಾಡಿ. ಬಣ್ಣಕ್ಕೆ ಮರುಳಾಗಬೇಡಿ. ಸಾಲ ತೀರಿದ ಗಾಡಿಯಾದರೆ ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30, ಆಂಧ್ರದ ಗಾಡಿಯಾದರೆ ಫಾರಂ 28ರ ಎನ್‌ಒಸಿ ಕೈಗೆ ಬರೋವರೆಗೆ ಪೂರ್ತಿ ಹಣ ಕೊಡಬೇಡಿ. ಕರ್ನಾಟಕದಲ್ಲಿ ಕಟ್ಟಬೇಕಾದ ತೆರಿಗೆಯನ್ನೂ ಬೆಲೆಗೆ ಸೇರಿಸಿ ನೋಡಿ. ರಾಯದುರ್ಗದಲ್ಲಿ ಅಗ್ಗಕ್ಕೆ ಕಂಡ ಗಾಡಿ ಕೆಎ-16 ಪ್ಲೇಟ್ ಹಾಕೋ ಹೊತ್ತಿಗೆ ಅಗ್ಗ ಆಗಿ ಉಳಿದಿರಲ್ಲ.

ಹಾಗಾದರೆ ಯಾವುದು?

ದಿನಾ ತರಕಾರಿ, ಹೂವು, ಹಾಲು, ಅರ್ಧ ಟನ್ ಒಳಗೆ, ಹತ್ತಿರದ ಮಾರುಕಟ್ಟೆ: ಮುಕ್ಕಾಲು ಟನ್ನಿನ ಗಾಡಿ.

ವಾರಕ್ಕೆ ಎರಡು ಮೂರು ಸಲ ಒಂದು ಟನ್ ಮೇಲ್ಪಟ್ಟ ಟೊಮ್ಯಾಟೊ, ಈರುಳ್ಳಿ, ಬಹುಪಾಲು ಡಾಂಬರು ರಸ್ತೆ: ದೋಸ್ತ್, ಇಂಟ್ರಾ ಗುಂಪು. ಒಟ್ಟು ತೂಕ 3,000 ಕೆ.ಜಿ. ಒಳಗಿರೋ ಮಾದರಿ ಮೊದಲು ನೋಡಿ.

ಅದೇ ಲೋಡ್, ಆದರೆ ಮರಳು, ಎರೆ, ಕಲ್ಲುದಾರಿ: ಬೊಲೆರೊ, ಯೋಧ ಗುಂಪು.

ಜನ ಮತ್ತು ಅರ್ಧ ಟನ್ ಮಾಲು ಎರಡೂ ಹೆಚ್ಚು ದಿನ: ಡಬಲ್ ಕ್ಯಾಬಿನ್.

ವರ್ಷಕ್ಕೆ ಐವತ್ತು ಅರವತ್ತು ದಿನಕ್ಕಿಂತ ಹೆಚ್ಚು ಕೆಲಸವೇ ಇಲ್ಲ: ಬಾಡಿಗೆ ಗಾಡಿ, ಮನೆ ಓಡಾಟಕ್ಕೆ ಬೈಕು ಇಲ್ಲಾ ಹಳೇ ಕಾರು. ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಬ್ಯಾಂಕಿಗೆ ಹೋಗೋ ಆ ಎರಡು ಲಕ್ಷದಲ್ಲಿ ಡ್ರಿಪ್ ಹೊಸದಾಗುತ್ತೆ, ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿಗೆ ಬರುತ್ತೆ.

ಇವತ್ತು ರಾತ್ರಿ ಮೊಬೈಲ್ ನೋಟ್ಸಿನಲ್ಲಿ ಐದು ಸಾಲು ಮಾಡಿ: ಹೊರಡದ ದಿನ, ಜನದ ದಿನ, ಅರ್ಧ ಟನ್, ಒಂದು ಟನ್, ಅದರ ಮೇಲೆ. ಹೋದ ವರ್ಷದ ಚೀಟಿ ನೋಡಿ ತುಂಬಿಸಿ. ಶೋರೂಮಿಗೆ ಹೋಗುವಾಗ ಆ ಐದು ಅಂಕಿ ಕೈಯಲ್ಲಿರಲಿ. ಸೇಲ್ಸ್ ಹುಡುಗ ಯಾವ ಮಾದರಿ ತೋರಿಸಿದರೂ ಮೊದಲು ಆ ಅಂಕಿ ಅವನ ಮುಂದಿಡಿ, ಮಾತು ಅಲ್ಲಿಂದ ಶುರುವಾಗಲಿ.